ಅರಿವಳಿಕೆಯಲ್ಲಿರುವ ಬೆಕ್ಕಿಗೆ ಎಷ್ಟು ರಕ್ತ ಹೋಯಿತು? ಅಳೆದು ತಿಳಿಯುವ ಸಮಗ್ರ ಮಾರ್ಗದರ್ಶಿ

3 ಕೆ.ಜಿ. ತೂಗುವ ಬೆಕ್ಕಿನ ಮೈಯಲ್ಲಿ ಇರುವುದು ಸುಮಾರು 165 ಮಿ.ಲೀ. ರಕ್ತ. ಕೊಡಗಿನ ಮನೆಗಳಲ್ಲಿ ಬಂದವರ ಕೈಗೆ ಕೊಡುವ ಒಂದು ಲೋಟ ಕಾಫಿಯಷ್ಟು, ಅಷ್ಟೇ. ಅದರಲ್ಲಿ 33 ಮಿ.ಲೀ. ಹೋದರೆ ಐದರಲ್ಲಿ ಒಂದು ಪಾಲು ಹೋಯಿತು. ರಕ್ತ ಒರೆಸುವ ಗಾಜ್ ಬಟ್ಟೆಯ ಮೂರ್ನಾಲ್ಕು ತುಂಡು ಚೆನ್ನಾಗಿ ನೆನೆದರೆ ಅಷ್ಟಾಗಿಬಿಡುತ್ತದೆ. ದೊಡ್ಡ ನಾಯಿಗಳ ಆಪರೇಷನ್ ಮಾಡಿ ಪಳಗಿದ ಕಣ್ಣಿಗೆ ಮೂರ್ನಾಲ್ಕು ತುಂಡು ಲೆಕ್ಕಕ್ಕೇ ಬರುವುದಿಲ್ಲ. ಬೆಕ್ಕು ಕೈತಪ್ಪುವುದು ಅಲ್ಲೇ.

ಇನ್ನೊಂದು ತೊಡಕಿದೆ. ಎಚ್ಚರವಿರುವ ಬೆಕ್ಕಿಗೆ ರಕ್ತ ಹೋದರೆ ಮೈ ತಾನೇ ತಡೆದುಕೊಳ್ಳಲು ನೋಡುತ್ತದೆ. ರಕ್ತನಾಳ ಬಿಗಿಯಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಎದೆಬಡಿತ ಬದಲಾಗುತ್ತದೆ. ಅರಿವಳಿಕೆ ಕೊಟ್ಟ ಮೇಲೆ ಈ ತಡೆ ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. ಕಾಣುವ ಲಕ್ಷಣ ರಕ್ತಸ್ರಾವದ್ದೋ ಔಷಧದ್ದೋ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಹಿಡಿದಿರುವ ದಾರಿ ಇದು: ಮೊದಲು ಹೋದ ರಕ್ತವನ್ನು ಮಿ.ಲೀ.ನಲ್ಲಿ ಎಣಿಸಿ, ಆಮೇಲೆ ಬೆಕ್ಕನ್ನು ನೋಡಿ. ಬೆಕ್ಕು ಚೆನ್ನಾಗಿ ಕಾಣುತ್ತಿದೆ ಎಂದು ಎಣಿಕೆ ಬಿಡಬೇಡಿ.

ಇದನ್ನು ಬರೆದಿರುವುದು ಸಣ್ಣ ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ಪಶುವೈದ್ಯರಿಗೆ, ವಿದ್ಯಾರ್ಥಿಗಳಿಗೆ ಮತ್ತು ಟೇಬಲ್ ಪಕ್ಕ ನಿಲ್ಲುವ ಸಹಾಯಕರಿಗೆ. ಬೆಕ್ಕು ಸಾಕಿದವರಿಗೂ ಕೊನೆಯಲ್ಲಿ ಒಂದಿಷ್ಟು ಇದೆ.

ಹಂತ 1: ಕತ್ತರಿ ಹಿಡಿಯುವ ಮೊದಲೇ ಮೂರು ಸಂಖ್ಯೆ ಬರೆದಿಡಿ

ಬೆಕ್ಕನ್ನು ತೂಕ ಮಾಡಿ. ಅಂದಾಜು ಬೇಡ. ಎಸ್ಟೇಟ್ ಲೈನ್‌ಮನೆಗಳಿಂದ ಬರುವ ಹೆಣ್ಣು ಬೆಕ್ಕುಗಳು ನೋಡಲು 3 ಕೆ.ಜಿ. ಇದ್ದಂತಿರುತ್ತವೆ, ತಕ್ಕಡಿಯಲ್ಲಿ 2.4 ತೋರಿಸುತ್ತವೆ.

ಬೆಕ್ಕಿಗೆ ಒಂದು ಕೆ.ಜಿ.ಗೆ ಸುಮಾರು 50ರಿಂದ 60 ಮಿ.ಲೀ. ರಕ್ತ ಇರುತ್ತದೆ. ನಾಯಿಗೆ 80ರಿಂದ 90. ಈ ವ್ಯತ್ಯಾಸ ಮರೆತರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು. ನಾನು 55 ಇಟ್ಟುಕೊಳ್ಳುತ್ತೇನೆ. ಬೊಜ್ಜು ಬೆಳೆದ ಬೆಕ್ಕಾದರೆ ಅದು ಬೊಜ್ಜಿಲ್ಲದೆ ಹದವಾಗಿದ್ದರೆ ಎಷ್ಟು ತೂಗುತ್ತಿತ್ತೋ ಆ ತೂಕಕ್ಕೆ ಲೆಕ್ಕ ಹಾಕಿ. ಕೊಬ್ಬಿನಲ್ಲಿ ರಕ್ತ ಕಡಿಮೆ.

ಈಗ ಶೇ. 10, 20, 30ರ ಗೆರೆಗಳನ್ನು ಬರೆಯಿರಿ. 2.5 ಕೆ.ಜಿ. ಬೆಕ್ಕಿಗೆ 14, 27, 41 ಮಿ.ಲೀ. 3 ಕೆ.ಜಿ.ಗೆ 16, 33, 50. 4 ಕೆ.ಜಿ.ಗೆ 22, 44, 66. ಒಂದು ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಎಲ್ಲರಿಗೂ ಕಾಣುವ ಹಾಗೆ ಅಂಟಿಸಿ. ರಕ್ತ ಹರಿಯುವಾಗ ಯಾರಿಗೂ ಗುಣಾಕಾರ ಹೊಳೆಯುವುದಿಲ್ಲ.

ಔಷಧ ಚುಚ್ಚುವ ಮೊದಲು ಒಸಡಿನ ಬಣ್ಣ, ಎದೆಬಡಿತ, ನಾಡಿಯ ಗಟ್ಟಿತನ, ಮೈ ಶಾಖ ಬರೆದುಕೊಳ್ಳಿ. ಸಾಧ್ಯವಾದರೆ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾದಲ್ಲಿ) ಮತ್ತು ಟೋಟಲ್ ಪ್ರೋಟೀನ್ (ರಕ್ತದ ನೀರಿನಲ್ಲಿರುವ ಒಟ್ಟು ಪ್ರೋಟೀನ್) ಕೂಡ. ಬೆಕ್ಕಿನ ಪಿಸಿವಿ ಸಾಮಾನ್ಯವಾಗಿ 25ರಿಂದ 45ರ ಒಳಗೆ. ಚಿಗಟ ತುಂಬಿದ ಬೆಕ್ಕುಗಳಿಗೆ ಮೊದಲೇ ರಕ್ತಹೀನತೆ ಇರುವುದುಂಟು. 22ರಿಂದ ಶುರುವಾದ ಬೆಕ್ಕಿಗೂ 38ರಿಂದ ಶುರುವಾದ ಬೆಕ್ಕಿಗೂ ಒಂದೇ ಗೆರೆ ಎಳೆಯಲು ಆಗುವುದಿಲ್ಲ, ಅಲ್ವಾ?

ಎಷ್ಟು ರಕ್ತ ಹೋದರೆ ಪಿಸಿವಿ ಎಲ್ಲಿಗೆ ಇಳಿಯಬಹುದು ಎಂದು ಮೊದಲೇ ನೋಡಲು ಒಂದು ಲೆಕ್ಕವಿದೆ. ಮೈಯಲ್ಲಿರುವ ಒಟ್ಟು ರಕ್ತವನ್ನು, ಈಗಿನ ಪಿಸಿವಿಯಿಂದ ನೀವು ಒಪ್ಪುವ ಕನಿಷ್ಠ ಪಿಸಿವಿ ಕಳೆದರೆ ಉಳಿಯುವ ಸಂಖ್ಯೆಯಿಂದ ಗುಣಿಸಿ. ಬಂದದ್ದನ್ನು ಈಗಿನ ಪಿಸಿವಿಯಿಂದ ಭಾಗಿಸಿ. 165 ಮಿ.ಲೀ. ರಕ್ತ, ಪಿಸಿವಿ 33, ಕನಿಷ್ಠ 22 ಅಂದರೆ 55 ಮಿ.ಲೀ. ಬರುತ್ತದೆ. ಆದರೆ 55 ಆಗುವ ತನಕ ಕಾಯಬಹುದು ಅಂದುಕೊಳ್ಳಬೇಡಿ. ಈ ಲೆಕ್ಕ ಹೇಳುವುದು ಕೆಂಪು ಕಣಗಳ ಮಾತು ಮಾತ್ರ. ನಾಳದಲ್ಲಿ ರಕ್ತದ ಪ್ರಮಾಣವೇ ಕಡಿಮೆಯಾಗಿ ಒತ್ತಡ ಬೀಳುವುದು ಅದಕ್ಕಿಂತ ಎಷ್ಟೋ ಮೊದಲು.

ಮನೆಯವರನ್ನು ಕೇಳಲೇಬೇಕಾದ ಪ್ರಶ್ನೆ

ಕಾಫಿ ಗೋದಾಮು, ಭತ್ತದ ಕಣಜ ಇರುವ ಕಡೆ ಇಲಿ ಪಾಷಾಣ ಇಡುತ್ತಾರೆ. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡುತ್ತದೆ. ಬೆಕ್ಕು ಅದನ್ನು ಹಿಡಿಯುತ್ತದೆ. ಬಿಲ್ಲೆ ನೇರ ತಿಂದಷ್ಟು ಅಪಾಯ ಇದರಲ್ಲಿ ಇಲ್ಲದಿದ್ದರೂ, ಮತ್ತೆ ಮತ್ತೆ ತಿಂದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಬಹುದು. ಕೊಳಕುಮಂಡಲ ಕಚ್ಚಿದರೂ ಹೀಗೇ. ರಕ್ತ ಹೆಪ್ಪುಗಟ್ಟುವುದಿಲ್ಲ. ಸೂಜಿ ಚುಚ್ಚಿದ ಜಾಗದಿಂದ ರಕ್ತ ಒಸರುತ್ತಲೇ ಇದ್ದರೆ, ತುರ್ತಿಲ್ಲದ ಆಪರೇಷನ್ ಮುಂದೂಡಿ. ಇಂಥ ಬೆಕ್ಕಿನಲ್ಲಿ ಎಷ್ಟು ಹೋಯಿತು ಅನ್ನುವುದರ ಜೊತೆಗೆ ಅದು ನಿಲ್ಲುತ್ತದೆಯೇ ಅನ್ನುವುದೂ ಪ್ರಶ್ನೆ.

ಹಂತ 2: ಯಾವ ಔಷಧ ಏನನ್ನು ಮುಚ್ಚಿಡುತ್ತದೆ ಎಂದು ತಿಳಿದಿರಿ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಕ್ಸೈಲಜಿನ್, ಮೆಡೆಟೊಮಿಡಿನ್, ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮಂಪರಿನ ಔಷಧ ಕೊಟ್ಟರೆ ನಾಳಗಳು ಬಿಗಿಯುತ್ತವೆ. ಒಂದು ತೊಟ್ಟು ರಕ್ತ ಹೋಗದಿದ್ದರೂ ಒಸಡು ಬಿಳಿಚುತ್ತದೆ, ಎದೆಬಡಿತ 100ರ ಕೆಳಗೂ ಇಳಿಯಬಹುದು. ಹೀಗಾಗಿ ಬಿಳಿ ಒಸಡಿನಿಂದ ಏನೂ ಹೇಳಲು ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ರಕ್ತ ಹೋದಾಗಲೂ ಬಡಿತ ಏರದೆ ಇರಬಹುದು. ನಾಳ ಬಿಗಿಯಾಗಿರುವುದರಿಂದ ಒತ್ತಡವೂ ಸ್ವಲ್ಪ ಹೊತ್ತು ಚೆನ್ನಾಗಿಯೇ ಕಾಣುತ್ತದೆ. ಕೊನೆಗೆ ಬೆಕ್ಕನ್ನು ಎಬ್ಬಿಸಲು ಯೋಹಿಂಬಿನ್ ಅಥವಾ ಅಟಿಪಮೆಜೋಲ್ ಕೊಟ್ಟಾಗ ಆ ಬಿಗಿ ಸಡಿಲವಾಗುತ್ತದೆ. ಮುಚ್ಚಿಟ್ಟಿದ್ದ ಕೊರತೆ ಆಗ ಹೊರಬೀಳುತ್ತದೆ. ರಕ್ತ ಹೋಗಿದೆ ಎಂಬ ಅನುಮಾನವಿದ್ದರೆ ಎಬ್ಬಿಸುವ ಔಷಧಕ್ಕೆ ಮುಂಚೆ ದ್ರವ ಕೊಟ್ಟಿರಬೇಕು.

ಉಸಿರಿನ ಮೂಲಕ ಕೊಡುವ ಅರಿವಳಿಕೆ ಅನಿಲ ಐಸೊಫ್ಲೂರೇನ್ ಇದಕ್ಕೆ ತದ್ವಿರುದ್ಧ. ಅದು ನಾಳಗಳನ್ನು ಹಿಗ್ಗಿಸುತ್ತದೆ. ಒಸಡು ಗುಲಾಬಿಯಾಗಿ ಚಂದ ಕಾಣುತ್ತಿರುತ್ತದೆ, ಒತ್ತಡ ಮಾತ್ರ ಪಾತಾಳಕ್ಕೆ. ಅಸೆಪ್ರೊಮಜಿನ್ ಕೂಡ ನಾಳ ಹಿಗ್ಗಿಸುತ್ತದೆ. ಅದರ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ತಿರುಗಿಸುವ ಮದ್ದೂ ಇಲ್ಲ. ಕೆಟಮಿನ್ ಮತ್ತು ಅಟ್ರೋಪಿನ್ ಬಡಿತ ಏರಿಸುತ್ತವೆ. ಹಾಗಾಗಿ 200ರ ಬಡಿತ ಕಂಡ ಕೂಡಲೇ ರಕ್ತ ಹೋಗುತ್ತಿದೆ ಎಂದು ಬೆಚ್ಚಬೇಕಿಲ್ಲ.

ಬಡಿತ ಏರಿದ್ದು ನೋವಿಗೋ ರಕ್ತಸ್ರಾವಕ್ಕೋ? ಒತ್ತಡ ನೋಡಿ. ಅರಿವಳಿಕೆ ಹಗುರವಾಗಿ ನೋವು ತಟ್ಟಿದ್ದರೆ ಬಡಿತದ ಜೊತೆ ಒತ್ತಡವೂ ಏರುತ್ತದೆ. ರಕ್ತ ಹೋಗುತ್ತಿದ್ದರೆ ಬಡಿತ ಏರಿದರೂ ಒತ್ತಡ ಜಾರುತ್ತದೆ, ನಾಡಿ ತೆಳ್ಳಗಾಗುತ್ತದೆ.

ಇನ್ನೊಂದು ಗುಟ್ಟಿನ ಗುರುತು. ಅನಿಲದ ಡಯಲ್ ಮುಟ್ಟಿಲ್ಲ, ಆದರೂ ಬೆಕ್ಕು ಇದ್ದಕ್ಕಿದ್ದಂತೆ ಆಳಕ್ಕೆ ಹೋಗಿದೆ. ದವಡೆ ಸಡಿಲ, ಕಣ್ಣುಗುಡ್ಡೆ ಮಧ್ಯಕ್ಕೆ ಬಂದಿದೆ. ಹೃದಯ ಹೊರಹಾಕುವ ರಕ್ತ ಕಡಿಮೆಯಾದಾಗ ಶ್ವಾಸಕೋಶದಲ್ಲಿ ಅನಿಲದ ಸಾಂದ್ರತೆ ಬೇಗ ಏರುತ್ತದೆ, ಮಿದುಳಿಗೆ ಅಷ್ಟೇ ಬೇಗ ಮುಟ್ಟುತ್ತದೆ. ಒತ್ತಡ ಬಿದ್ದ ಬೆಕ್ಕಿಗೆ ಅರಿವಳಿಕೆ ಬೇಕಾಗುವುದೂ ಕಡಿಮೆ. ಹೀಗಾದರೆ ಮೊದಲು ಡಯಲ್ ಇಳಿಸಿ, ಆಮೇಲೆ ಹೊಟ್ಟೆಯೊಳಗೆ ನೋಡಿ.

ಹಂತ 3: ರಕ್ತವನ್ನು ಎಣಿಸಿ

10 ಸೆಂ.ಮೀ. ಚೌಕದ ಗಾಜ್ ತುಂಡು ಪೂರ್ತಿ ನೆನೆದರೆ ಸುಮಾರು 10 ಮಿ.ಲೀ. ಹಿಡಿಯುತ್ತದೆ ಎನ್ನುತ್ತಾರೆ. ಪದರ ಎಷ್ಟು, ನೇಯ್ಗೆ ಎಷ್ಟು ಗಟ್ಟಿ ಅನ್ನುವುದರ ಮೇಲೆ ಇದು 5 ಆಗಬಹುದು, 15 ಆಗಬಹುದು. ಥಾನಿನಿಂದ ನಾವೇ ಕತ್ತರಿಸಿ ಮಡಚಿದ ಗಾಜ್‌ಗಂತೂ ಪುಸ್ತಕದ ಸಂಖ್ಯೆ ಹೊಂದುವುದಿಲ್ಲ.

ಅದಕ್ಕೆ ತೂಕವೇ ಸರಿ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಒಣ ತುಂಡಿನ ತೂಕ ಮೊದಲು, ನೆನೆದ ತುಂಡಿನ ತೂಕ ಆಮೇಲೆ. ಹೆಚ್ಚಿಗೆ ಬಂದ 1 ಗ್ರಾಂ ಅಂದರೆ ಹತ್ತಿರ ಹತ್ತಿರ 1 ಮಿ.ಲೀ. ರಕ್ತ. ಮಡಿಕೇರಿಯ ಜುಲೈ ತಿಂಗಳಲ್ಲಿ ಒಂದು ಎಚ್ಚರಿಕೆ: ಕಪಾಟಿನಲ್ಲಿಟ್ಟ ಗಾಜ್ ಕೂಡ ಥಂಡಿ ಹೀರಿಕೊಂಡಿರುತ್ತದೆ. ಬೇಸಿಗೆಯಲ್ಲಿ ತೂಗಿದ ಒಣ ತೂಕ ಮಳೆಗಾಲಕ್ಕೆ ನಡೆಯುವುದಿಲ್ಲ. ಆ ದಿನದ ಕಟ್ಟಿನಿಂದಲೇ ತೆಗೆದು ತೂಗಿ. ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಳಸುವವರು ಹಿಂಡಿದ ಮೇಲಿನ ತೂಕವನ್ನೇ ಮೊದಲ ತೂಕ ಎಂದು ಇಟ್ಟುಕೊಳ್ಳಬೇಕು. ನೆನೆದ ತುಂಡುಗಳನ್ನು ಬಕೆಟ್‌ಗೆ ಎಸೆದು ಕೊನೆಗೆ ನೋಡೋಣ ಅಂದರೆ ಅರ್ಧ ಒಣಗಿರುತ್ತವೆ. ಆಗಿಂದಾಗ್ಗೆ ತೂಗಿ, ಜೋರಾಗಿ ಹೇಳಿ, ಬರೆಯಿರಿ.

ರಕ್ತ ಹೀರಿ ತುಂಬುವ ಸಕ್ಷನ್ ಜಾರ್ ಇದ್ದರೆ ಹೊಟ್ಟೆ ತೊಳೆಯಲು ಹಾಕಿದ ಸಲೈನ್ ಕಳೆಯಿರಿ. ಎಷ್ಟು ಹಾಕಿದೆವು ಎಂಬುದು ಮರೆತಿದ್ದರೆ ಜಾರ್‌ನ ನೀರಿನದ್ದೇ ಪಿಸಿವಿ ಮಾಡಿ. ಜಾರ್‌ನಲ್ಲಿ 120 ಮಿ.ಲೀ., ಅದರ ಪಿಸಿವಿ 6, ಬೆಕ್ಕಿನ ಮೊದಲ ಪಿಸಿವಿ 30 ಎಂದುಕೊಳ್ಳಿ. 120ನ್ನು 6ರಿಂದ ಗುಣಿಸಿ 30ರಿಂದ ಭಾಗಿಸಿದರೆ 24 ಮಿ.ಲೀ. ರಕ್ತ.

ಉಳಿದದ್ದು ಕಣ್ಣಿಗೆ ಬೀಳದ ರಕ್ತ. ಬಟ್ಟೆಯ ಅಡಿ, ಬೆಕ್ಕಿನ ಬೆನ್ನಿನ ಕೂದಲು, ಟೇಬಲ್ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕಿದ್ದು. ಗಬ್ಬದ ಬೆಕ್ಕಿನ ಗರ್ಭಕೋಶ ತೆಗೆದರೆ ಅದರ ಜೊತೆಗೇ ಒಂದಷ್ಟು ರಕ್ತ ಹೊರಗೆ ಹೋಗುತ್ತದೆ. ಒಂದು ಹನಿ ಚೆಲ್ಲದಿದ್ದರೂ ಅದು ಹೋದ ರಕ್ತವೇ. ತೊಡೆಮೂಳೆ ಮುರಿದ ಬೆಕ್ಕಿನಲ್ಲಿ ಸ್ನಾಯುವಿನೊಳಗೇ ಸಾಕಷ್ಟು ರಕ್ತ ಸೇರಿರುತ್ತದೆ. ಕಾಡುಹಂದಿಗೆ ಇಟ್ಟ ಉರುಳಿಗೆ ಸಿಕ್ಕಿ ಬಂದ ಬೆಕ್ಕು, ನಾಯಿ ಕಚ್ಚಿದ ಬೆಕ್ಕು, ಇವೆಲ್ಲ ಟೇಬಲ್‌ಗೆ ಬರುವ ಮೊದಲೇ ಎಷ್ಟೋ ಕಳೆದುಕೊಂಡಿರುತ್ತವೆ. ಎಣಿಕೆ ಸೊನ್ನೆಯಿಂದ ಶುರು ಮಾಡಬೇಡಿ.

ಹಂತ 4: 5 ನಿಮಿಷಕ್ಕೊಮ್ಮೆ ಬೆಕ್ಕನ್ನು ನೋಡಿ

ದುಡ್ಡು ಕಡಿಮೆ ಇರುವ ಕ್ಲಿನಿಕ್ ಒಂದೇ ಯಂತ್ರ ಕೊಳ್ಳುವುದಾದರೆ ನಾಳದ ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಒತ್ತಡ ಅಳೆಯಲು ಬಳಸುವ ಬ್ಯಾಟರಿಯ ಡಾಪ್ಲರ್ ಕೊಳ್ಳಲಿ ಅನ್ನುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಡಾಪ್ಲರ್ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಸಂಖ್ಯೆ ಅಳೆಯುವ ಮೊದಲೇ ಆ ಸದ್ದು ಕ್ಷೀಣವಾಗುವುದು ತಿಳಿಯುತ್ತದೆ. ಕಾಲಿಗೆ ಸುತ್ತಿದ ಪಟ್ಟಿಯಿಂದ (ಕಫ್) ತಾನಾಗಿ ಅಳೆಯುವ ಯಂತ್ರಗಳು ಸಣ್ಣ ಬೆಕ್ಕಿನ ಒತ್ತಡ ಬಿದ್ದಾಗಲೇ ಕೈಕೊಡುತ್ತವೆ.

ಕಫ್‌ನ ಅಗಲ ಕಾಲಿನ ಸುತ್ತಳತೆಯ ಶೇ. 30ರಿಂದ 40 ಇರಬೇಕು. ಅಗಲ ಜಾಸ್ತಿಯಾದರೆ ಸಂಖ್ಯೆ ಕಡಿಮೆ ತೋರಿಸುತ್ತದೆ, ಕಿರಿದಾದರೆ ಜಾಸ್ತಿ. ಬೆಕ್ಕಿನಲ್ಲಿ ಡಾಪ್ಲರ್ ನಿಜವಾದ ಸಿಸ್ಟಾಲಿಕ್ ಒತ್ತಡಕ್ಕಿಂತ (ಹೃದಯ ಕುಗ್ಗಿದಾಗಿನ ಮೇಲಿನ ಒತ್ತಡ) 10ರಿಂದ 15 ಮಿ.ಮೀ. ಪಾದರಸದಷ್ಟು ಕಡಿಮೆ ತೋರಿಸುವುದುಂಟು. ಹಾಗಾಗಿ ಒಂದು ಅಳತೆಗಿಂತ ಅದು ಎತ್ತ ಹೋಗುತ್ತಿದೆ ಅನ್ನುವುದು ದೊಡ್ಡದು. ಸಿಸ್ಟಾಲಿಕ್ 90ಕ್ಕಿಂತ, ಸರಾಸರಿ 60ಕ್ಕಿಂತ ಕೆಳಗಿಳಿದರೆ ಒತ್ತಡ ಬಿದ್ದಿದೆ ಎಂದೇ ಲೆಕ್ಕ.

ಕ್ಯಾಪ್ನೋಗ್ರಾಫ್ ಇದ್ದವರು ಅದೃಷ್ಟವಂತರು. ಉಸಿರಾಟ ಹಾಗೇ ಇದ್ದು ಉಸಿರಿನ ಕೊನೆಯ ಇಂಗಾಲದ ಡೈಆಕ್ಸೈಡ್ ಮಾತ್ರ 38ರಿಂದ 28ಕ್ಕೆ ಜಾರಿದರೆ, ಶ್ವಾಸಕೋಶಕ್ಕೆ ರಕ್ತ ಬರುವುದು ಕಡಿಮೆಯಾಗಿದೆ ಎಂದು ಅನುಮಾನಿಸಿ. ಕೊಳವೆ ಜಾರಿದೆಯೇ, ಸೋರುತ್ತಿದೆಯೇ ಎಂದೂ ಒಮ್ಮೆ ನೋಡಿ. ಪಲ್ಸ್ ಆಕ್ಸಿಮೀಟರ್‌ನ 98 ನೋಡಿ ಸಮಾಧಾನ ಪಡಬೇಡಿ. ಇರುವ ರಕ್ತದಲ್ಲಿ ಆಮ್ಲಜನಕ ತುಂಬಿದೆ ಎಂದಷ್ಟೇ ಅದು ಹೇಳುತ್ತದೆ. ರಕ್ತ ಎಷ್ಟಿದೆ ಎಂದಲ್ಲ.

ನಾಡಿಯನ್ನು ತೊಡೆಯ ಒಳಭಾಗದಲ್ಲೂ ಪಾದದ ಮೇಲೂ ಹಿಡಿದು ನೋಡಿ. ಪಾದದ್ದು ಮಾಯವಾಗಿ ತೊಡೆಯದು ಮಾತ್ರ ಉಳಿದಿದ್ದರೆ ಕಡೆಗಣಿಸಬೇಡಿ.

ಸುಮಾರಾಗಿ ಹೀಗೆ: ಶೇ. 10ರ ಒಳಗೆ ಏನೂ ಕಾಣದೆ ಇರಬಹುದು. 10ರಿಂದ 20ರ ನಡುವೆ ಎಚ್ಚರದ ಬೆಕ್ಕು ತಡೆದುಕೊಂಡೀತು, ಐಸೊಫ್ಲೂರೇನ್‌ನಲ್ಲಿರುವ ಬೆಕ್ಕಿನ ಒತ್ತಡ ಆಗಲೇ ಜಾರತೊಡಗುತ್ತದೆ. 20 ದಾಟಿದರೆ ಒತ್ತಡ 90ರ ಕೆಳಗೆ, ನಾಡಿ ತೆಳ್ಳಗೆ. 30 ದಾಟಿದರೆ ಜೀವಕ್ಕೇ ಕುತ್ತು.

ಬೆಕ್ಕಿನದ್ದೇ ಆದ ಒಂದು ವಿಚಿತ್ರವಿದೆ. ನಾಯಿ ಆಘಾತಕ್ಕೆ ಹೋದರೆ ಬಡಿತ ಓಡುತ್ತದೆ. ಬೆಕ್ಕಿನಲ್ಲಿ ಎಷ್ಟೋ ಸಲ ಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ಒತ್ತಡ ಬೀಳುತ್ತದೆ. ಮೂರೂ ಒಟ್ಟಿಗೆ. 170 ಇದ್ದದ್ದು 110ಕ್ಕೆ ಬಂದಾಗ "ಈಗ ಶಾಂತವಾಯಿತು" ಅನ್ನುವವರಿದ್ದಾರೆ. ಔಷಧದ ಕಾರಣವಿಲ್ಲದೆ ಹಾಗಾದರೆ ಅದು ತಡವಾಗಿ ಬಂದ, ಕೆಟ್ಟ ಗುರುತು.

ಶಾಖವನ್ನು ಬೇರೆಯಾಗಿ ನೋಡಿಕೊಳ್ಳಿ. ಮೈ ತಣಿದರೆ ರಕ್ತ ಹೆಪ್ಪುಗಟ್ಟುವುದು ನಿಧಾನ, ಬಡಿತವೂ ನಿಧಾನ. ತಣ್ಣಗಾದ ಬೆಕ್ಕಿನ ನಿಧಾನ ಬಡಿತಕ್ಕೆ ಅಟ್ರೋಪಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಥಂಡಿ ಕಾಲದಲ್ಲಿ ಟೇಬಲ್ ಮೇಲೆ ಕಂಬಳಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಪಾದಗಳಿಗೆ ಕಾಲುಚೀಲ ಮೊದಲೇ ಇರಲಿ.

ಹಂತ 5: ಪಿಸಿವಿಯನ್ನು ತಪ್ಪಾಗಿ ಓದಬೇಡಿ

ರಕ್ತ ಹೋದ ಕೂಡಲೇ ಪಿಸಿವಿ ಇಳಿಯುವುದಿಲ್ಲ. ಕಣವೂ ಹೋಯಿತು, ನೀರೂ ಹೋಯಿತು, ಅನುಪಾತ ಹಾಗೇ ಉಳಿಯಿತು. ಅಂಗಾಂಶದ ನೀರು ನಾಳಕ್ಕೆ ಬಂದಾಗ ಅಥವಾ ನಾವು ದ್ರವ ಕೊಟ್ಟಾಗ ಮಾತ್ರ ಅದು ಇಳಿಯುತ್ತದೆ. ಇದರ ಮೇಲೆ ಅರಿವಳಿಕೆಯ ಔಷಧಗಳು ಗುಲ್ಮ ಹಿಗ್ಗಿಸಿ, ಅಲ್ಲಿ ಕೆಂಪು ಕಣ ನಿಲ್ಲುವಂತೆ ಮಾಡಿ, ರಕ್ತ ಹೋಗದಿದ್ದರೂ ಪಿಸಿವಿ ಇಳಿಸುತ್ತವೆ. ಟೋಟಲ್ ಪ್ರೋಟೀನ್ ಜೊತೆಗಿಟ್ಟು ಓದಿ. ಎರಡೂ ಇಳಿದಿದ್ದರೆ ರಕ್ತಸ್ರಾವ ಅಥವಾ ದ್ರವದ ಪ್ರಭಾವ. ಲ್ಯಾಕ್ಟೇಟ್ ಮೀಟರ್ ಇದ್ದರೆ 2.5 ದಾಟಿ ಏರುತ್ತಾ ಹೋಗುವುದು ಅಂಗಾಂಶಗಳಿಗೆ ರಕ್ತ ಸಾಲುತ್ತಿಲ್ಲ ಎಂಬುದರ ಗುರುತು. ಹಿಡಿದು ರಕ್ತ ತೆಗೆಯುವಾಗ ಬೆಕ್ಕು ಕೊಸರಾಡಿದ್ದರೂ ಅದು ಏರುತ್ತದೆ, ನೆನಪಿರಲಿ.

ಒಂದು ಉದಾಹರಣೆ

ಸೋಮವಾರಪೇಟೆ ಕಡೆಯ ಎಸ್ಟೇಟ್‌ನಿಂದ 3.2 ಕೆ.ಜಿ.ಯ ಗಬ್ಬದ ಬೆಕ್ಕು ಸಂತಾನಹರಣಕ್ಕೆ ಬಂದಿದೆ ಎಂದುಕೊಳ್ಳೋಣ. ಒಟ್ಟು ರಕ್ತ 176 ಮಿ.ಲೀ. ಗೆರೆಗಳು 18, 35, 53. ಪಿಸಿವಿ 32, ಪ್ರೋಟೀನ್ 6.8. ಕ್ಸೈಲಜಿನ್, ಕೆಟಮಿನ್, ಆಮೇಲೆ ಐಸೊಫ್ಲೂರೇನ್. ಬಡಿತ 130, ಡಾಪ್ಲರ್ 110.

ಅಂಡಾಶಯದ ಗಂಟು ಜಾರುತ್ತದೆ. ಹುಡುಕಿ ಹಿಡಿಯುವಷ್ಟರಲ್ಲಿ 4 ಗಾಜ್ ನೆನೆದಿವೆ. ಒಣಗಿದ್ದಾಗ ನಾಲ್ಕೂ ಸೇರಿ 6 ಗ್ರಾಂ, ಈಗ 34. ಅಂದರೆ 28 ಮಿ.ಲೀ. ಬಟ್ಟೆಯ ಅಡಿಯಿಂದ ಒರೆಸಿದ್ದು ಇನ್ನೊಂದು 5. ಒಟ್ಟು 33, ಶೇ. 19. ಗರ್ಭಕೋಶದೊಳಗೆ ಹೋದದ್ದು ಬೇರೆ. 20ರ ಗೆರೆ ದಾಟಿದೆ ಎಂದೇ ಹಿಡಿಯಿರಿ. ಬಡಿತ 138 ಅಷ್ಟೇ, ಕ್ಸೈಲಜಿನ್ ಏರಲು ಬಿಟ್ಟಿಲ್ಲ. ಬಡಿತವೊಂದನ್ನೇ ನೋಡುತ್ತಿದ್ದರೆ ಏನೂ ಆಗಿಲ್ಲ ಅನ್ನಿಸುತ್ತಿತ್ತು. ಆದರೆ ಡಾಪ್ಲರ್ 84, ಇಂಗಾಲದ ಡೈಆಕ್ಸೈಡ್ 38ರಿಂದ 29, ದವಡೆ ಸಡಿಲ.

ಐಸೊಫ್ಲೂರೇನ್ ಇಳಿಸಿ, ಬೆಚ್ಚಗಿನ ರಿಂಗರ್ ಲ್ಯಾಕ್ಟೇಟ್ 30 ಮಿ.ಲೀ.ಯನ್ನು 15 ನಿಮಿಷದಲ್ಲಿ ಕೊಟ್ಟರೆ ಡಾಪ್ಲರ್ 100ಕ್ಕೆ ಬರುತ್ತದೆ, ಡೈಆಕ್ಸೈಡ್ 35. ಆಮೇಲಿನ ಪಿಸಿವಿ 26, ಪ್ರೋಟೀನ್ 5.4. ಅಲ್ಲೇ ನಿಂತರೆ ಬಚಾವ್. ಒತ್ತಡ ಏರಿ 10 ನಿಮಿಷದಲ್ಲಿ ಮತ್ತೆ ಜಾರಿದರೆ ಎಲ್ಲೋ ಇನ್ನೂ ಸೋರುತ್ತಿದೆ. ಹೊಲಿಗೆ ಹಾಕಬೇಡಿ, ಎರಡೂ ಬದಿಯ ಗಂಟು ಮತ್ತೆ ನೋಡಿ.

ಹಂತ 6: ಲೆಕ್ಕ ಸಿಕ್ಕ ಮೇಲೆ

ಬೆಕ್ಕಿಗೆ ಒಂದು ಸಲಕ್ಕೆ ಕೆ.ಜಿ.ಗೆ 5ರಿಂದ 10 ಮಿ.ಲೀ. ದ್ರವ, ಸುಮಾರು 15 ನಿಮಿಷದಲ್ಲಿ. ಮತ್ತೆ ಅಳೆದು ನೋಡಿ ಮುಂದಿನದು. ನಾಯಿಯ ಲೆಕ್ಕದಲ್ಲಿ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೃದಯದ ತೊಂದರೆ ಒಳಗೇ ಅಡಗಿರುವ ಬೆಕ್ಕುಗಳು ಕಡಿಮೆಯಿಲ್ಲ.

ಶೇ. 20ಕ್ಕಿಂತ ಜಾಸ್ತಿ ಹೋಗಿ, ದ್ರವಕ್ಕೂ ಒತ್ತಡ ನಿಲ್ಲದಿದ್ದರೆ ಅಥವಾ ಪಿಸಿವಿ 20ರ ಕೆಳಗೆ ಬಂದರೆ ರಕ್ತವೇ ಬೇಕು. ಬೆಕ್ಕಿಗೆ ಎ, ಬಿ, ಎಬಿ ಎಂಬ ಗುಂಪುಗಳಿವೆ. ಬಿ ಗುಂಪಿನ ಬೆಕ್ಕಿನಲ್ಲಿ ಎ ಗುಂಪಿನ ವಿರುದ್ಧ ಹುಟ್ಟಿನಿಂದಲೇ ಎಂಬಂತೆ ಬಲವಾದ ಪ್ರತಿಕಾಯ ಇರುತ್ತದೆ. ಮೊದಲ ಸಲವೇ ತಪ್ಪು ರಕ್ತ ಕೊಟ್ಟರೆ ಸಾಯಬಹುದು. "ಮೊದಲ ಸಲ ಪರವಾಗಿಲ್ಲ" ಎಂಬ ನಾಯಿಯ ರೂಢಿ ಇಲ್ಲಿ ನಡೆಯುವುದಿಲ್ಲ. ಗುಂಪು ನೋಡಿ, ಹೊಂದಾಣಿಕೆಯನ್ನೂ ನೋಡಿ. ಕೆ.ಜಿ.ಗೆ 2 ಮಿ.ಲೀ. ಪೂರ್ಣ ರಕ್ತ ಕೊಟ್ಟರೆ ಪಿಸಿವಿ ಸುಮಾರು 1 ಏರುತ್ತದೆ. ಊರಿನಲ್ಲಿ ದಷ್ಟಪುಷ್ಟವಾಗಿರುವ, ಲಸಿಕೆಯಾದ, ಗುಂಪು ಗೊತ್ತಿರುವ ಎರಡು ಮೂರು ಬೆಕ್ಕುಗಳ ಮನೆಯವರ ನಂಬರ್ ಇಟ್ಟುಕೊಂಡಿರಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಳೆಯಲ್ಲಿ ಆ ದಾರಿ ಇನ್ನೂ ಉದ್ದ. ಕಳಿಸುವ ನಿರ್ಧಾರ 20ರ ಗೆರೆಯಲ್ಲೇ ಆಗಬೇಕು, 35ರಲ್ಲಿ ಅಲ್ಲ.

ಹಂತ 7: ಹೊಲಿಗೆ ಹಾಕಿದ ಮೇಲೂ ಎಣಿಕೆ ಮುಗಿದಿಲ್ಲ

ಆಪರೇಷನ್ ಹೊತ್ತಿನಲ್ಲಿ ಒತ್ತಡ ಕಡಿಮೆ ಇದ್ದಾಗ ಸೋರದ ನಾಳ, ಬೆಕ್ಕು ಎದ್ದು ಒತ್ತಡ ಏರಿದಾಗ ಸೋರತೊಡಗಬಹುದು. ಗಂಟೆ ಕಳೆದರೂ ಏಳುತ್ತಿಲ್ಲ, ಬಿಸಿ ಕೊಟ್ಟರೂ ಮೈ ಬಿಸಿಯಾಗುತ್ತಿಲ್ಲ, ಒಸಡು ಬಿಳಿಚುತ್ತಾ ಹೋಗುತ್ತಿದೆ ಅಂದರೆ ಔಷಧದ ಮಂಪರು ಎಂದು ಸುಮ್ನೆ ಕೂರಬೇಡಿ. ಹೊಟ್ಟೆಯ ಗಾತ್ರ ಟೇಪ್‌ನಲ್ಲಿ ಅಳೆದು ನಂಬಬೇಡಿ. ಹೊರಗೆ ಕಾಣುವಷ್ಟು ಉಬ್ಬುವ ಹೊತ್ತಿಗೆ ತಡವಾಗಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಇಲ್ಲವೇ ಸೂಜಿ ಹಾಕಿ ಸ್ವಲ್ಪ ದ್ರವ ತೆಗೆಯಿರಿ. ಅದರ ಪಿಸಿವಿ ಮೈಯ ರಕ್ತದ ಪಿಸಿವಿಗೆ ಹತ್ತಿರವಿದ್ದರೆ, ಇಟ್ಟರೂ ಹೆಪ್ಪುಗಟ್ಟದಿದ್ದರೆ, ಒಳಗೆ ರಕ್ತ ಸೇರಿದೆ. ತೊಳೆದ ಸಲೈನ್ ಮಾತ್ರವಾದರೆ ಪಿಸಿವಿ ತೀರಾ ಕಡಿಮೆ ಇರುತ್ತದೆ. 15 ನಿಮಿಷ ಬಿಟ್ಟು ಮತ್ತೊಮ್ಮೆ ತೆಗೆದಾಗ ಏರಿದ್ದರೆ ಇನ್ನೂ ಹರಿಯುತ್ತಿದೆ.

ಮನೆಗೆ ಕರೆದೊಯ್ಯುವವರಿಗೆ

ಆ ರಾತ್ರಿ ಬೆಕ್ಕನ್ನು ಹೊರಗೆ ಬಿಡಬೇಡಿ, ಒಲೆಯ ಹತ್ತಿರದ ಬೆಚ್ಚನೆ ಮೂಲೆಯಲ್ಲಿಡಿ. ಆಗಾಗ ತುಟಿ ಎತ್ತಿ ಒಸಡು ನೋಡಿ. ಕಾಗದದಂತೆ ಬೆಳ್ಳಗಿದ್ದರೆ, ಕಿವಿ ಪಾದ ಕೊರೆಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಎಬ್ಬಿಸಿದರೂ ತಲೆ ಎತ್ತದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಫೋನ್ ಮಾಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ, ಇರುವ ರಕ್ತಕ್ಕೂ ಆಮ್ಲಜನಕ ಹೊರಲು ಬಿಡುವುದಿಲ್ಲ.

ಬೇರೆ ಆಸ್ಪತ್ರೆಗೆ ಕಳಿಸುವುದಾದರೆ ಚೀಟಿಯಲ್ಲಿ "ರಕ್ತಸ್ರಾವ ಆಗಿದೆ" ಎಂದಷ್ಟೇ ಬರೆದರೆ ಅಲ್ಲಿಯವರಿಗೆ ಏನೂ ತಿಳಿಯುವುದಿಲ್ಲ. ತೂಕ, ಹೋದ ರಕ್ತ ಮಿ.ಲೀ.ನಲ್ಲಿ ಮತ್ತು ಶೇಕಡಾದಲ್ಲಿ, ಮೊದಲಿನ ಮತ್ತು ಈಗಿನ ಪಿಸಿವಿ ಹಾಗೂ ಪ್ರೋಟೀನ್, ಕೊಟ್ಟ ಎಲ್ಲ ಔಷಧ ಸಮಯದ ಸಮೇತ, ಕೊಟ್ಟ ದ್ರವ, ಕೊನೆಯ ಮೂರು ಒತ್ತಡದ ಅಳತೆ, ಗೊತ್ತಿದ್ದರೆ ರಕ್ತದ ಗುಂಪು, ಇಲಿ ಪಾಷಾಣದ ಅನುಮಾನ ಇದೆಯೋ ಇಲ್ಲವೋ, ಇಷ್ಟೂ ಬರೆಯಿರಿ. ಅದರ ಫೋಟೋ ತೆಗೆದು ಬೆಕ್ಕು ಹೊರಡುವ ಮೊದಲೇ ಅವರಿಗೆ ಕಳಿಸಿ. ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.